ಕೇರಿಯ ಕೆಲಸಕ್ಕೊಂದು ಕೊಡಗೆ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ವಿದ್ಯಾರ್ಥಿವೇತನ ವಿತರಣೆಯೆಂಬುದು ಒಂದು ಮುಖ್ಯ ಕಾರ್ಯಕ್ರಮವಾಗಿರುತ್ತದೆ. ಹೆಚ್ಚು ಅಂಕಗಳನ್ನು ಪಡೆದ ಬಾಲಕ ಬಾಲಕಿಯರ ಹೆಸರುಗಳನ್ನು ಕೂಗುತ್ತಾರೆ. ಅವರು ವೇದಿಕೆಯನ್ನೇರಿ ಲಕೋಟೆಯನ್ನು ಸ್ವೀಕರಿಸುತ್ತಾರೆ. ಸಭೆಯ ನಡುವೆ ಕುಳಿತ ತಾಯಂದಿರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಇದು ಸ್ತುತ್ಯವಾದ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಊರಿನಲ್ಲಿ ಕನ್ನಡ ಶಾಲೆಯಲ್ಲಿ ಓದುತ್ತಿದ್ದಾಗ ಇಂಥದೇ ಒಂದು ಲಕೋಟೆಯ ಬಲದಿಂದ ನಾನೂ ಒಂದು ವರ್ಷದ ಪುಸ್ತಕಗಳನ್ನು ಕೊಂಡವನು. ಆದರೆ ಓದುವವನಿಗೆ ವೇತನವಿರುವಂತೆ, ತನ್ನ ಕೇರಿಯ ಒಂದು ಕಷ್ಟವನ್ನು ಕಣ್ಣಾರೆ ಕಂಡು, ಅದನ್ನು ನೀಗಿಸಲು ಟೊಂಕ ಕಟ್ಟಿ ನಿಂತವನಿಗೂ ಒಂದು ವೇತನವಿರಬಾರದೇಕೆ? ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಇಂಥ ವೇತನಕ್ಕೆ ಈಗ ಎಲ್ಲರೂ ಫೆಲೋಶಿಪ್ ಎನ್ನುತ್ತಾರೆ. ಫೆಲೋ ಎಂದರೆ ಸಹಚರ, ಜೊತೆಗಾರ. ಹುಡುಗರ ಬಾಯಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವೂ ಉಂಟು; ಅದು ಹಾಗಿರಲಿ. ಒಬ್ಬನಿಗೆ ಒಂದೆರಡು ವರ್ಷ ಹೊಟ್ಟೆಬಟ್ಟೆಗೆ ಸಾಲುವಷ್ಟು ಹಣವನ್ನು ಕೊಟ್ಟು, ‘ನೀನು ನಿನ್ನ ಜನರ ಈ ಕೆಲಸವನ್ನು ಮಾಡು, ನಿನ್ನ ಮನೆಯ ಒಲೆ ಆರದಂತೆ ನಾವು ನೋಡಿಕೊಳ್ಳುತ್ತೇವೆ’ ಎಂದು ಹೇಳುವುದೇ ಇದರ ತಿರುಳು. ಶಬ್ದವು ಹೊಸದಾದರೂ ವಿಚಾರವು ಕನ್ನಡಿಗರಿಗೆ ಹೊಸದಲ್ಲ. ನಮ್ಮ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಮೇಲಿಂದ ಮೇಲೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದ ಏರಿಯನ್ನು ತಿದ್ದಿ ನಿಲ್ಲಿಸಿದವನಿಗೆ, ವರ್ಷವರ್ಷವೂ ಅದನ್ನು ಕಾಪಾಡಿಕೊಂಡು ಬರುವವನಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಹೂಳೆತ್ತುವ ಬಂಡಿಯ ಖರ್ಚಿಗೆಂದು ಭೂಮಿ ಬಿಟ್ಟ ಶಾಸನಗಳೂ ಉಂಟು. ಕೆರೆಯ ನೀರು ಊರಿಗೆಲ್ಲ ಸೇರಿದ್ದು. ಅದನ್ನು ಕಾಯುವವನ ಹೊಟ್ಟೆ ಮಾತ್ರ ಅವನೊಬ್ಬನದು. ಅದು ತುಂಬದಿದ್ದರೆ ಅವನು ಕೆರೆಯನ್ನು ಬಿಟ್ಟು ಬೇರೆ ಕೂಲಿಗೆ ಹೋಗುತ್ತಾನೆ, ಆಗ ಏರಿಯಲ್ಲಿ ಇಲಿ ಬಿಲ ತೋಡುತ್ತದೆ ಎಂಬ ಸಾಮಾನ್ಯ ಜ್ಞಾನವು ನಮ್ಮ ಹಿರಿಯರಿಗೆ ಇತ್ತು.

ಕಳೆದ ಶತಮಾನದಲ್ಲಿ ಇದೇ ವಿಚಾರವನ್ನು ದೇಶದ ಮಟ್ಟಕ್ಕೆ ಏರಿಸಿದವರು ಗೋಪಾಲಕೃಷ್ಣ ಗೋಖಲೆಯವರು. ೧೯೦೫ರಲ್ಲಿ ಅವರು ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವು ತನ್ನ ಸದಸ್ಯರಿಂದ ದೇಶಸೇವೆಯ ಪ್ರತಿಜ್ಞೆಯನ್ನು ಪಡೆಯುತ್ತಿತ್ತು. ಪ್ರತಿಯಾಗಿ ಅವರ ಸಾಧಾರಣ ಜೀವನಕ್ಕೆ ಬೇಕಾದುದನ್ನು ಒದಗಿಸುತ್ತಿತ್ತು. ಶಾಲಾ ಶಿಕ್ಷಕರಾಗಿದ್ದ ನಾರಾಯಣ ಮಲ್ಹಾರ ಜೋಶಿಯವರು ೧೯೦೯ರಲ್ಲಿ ಆ ಸಮಾಜವನ್ನು ಸೇರಿದರು. ೧೯೧೧ರಲ್ಲಿ ಮುಂಬಯಿಯ ಸೋಶಿಯಲ್ ಸರ್ವಿಸ್ ಲೀಗನ್ನು ಕಟ್ಟಿ, ಗಿರಣಿ ಕಾರ್ಮಿಕರಿಗಾಗಿ ರಾತ್ರಿಶಾಲೆಗಳನ್ನೂ ವಾಚನಾಲಯಗಳನ್ನೂ ನಡೆಸಿದರು. ೧೯೨೦ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರಾಗಿದ್ದರು. ಹೊಟ್ಟೆಪಾಡಿಗೆ ಶಾಲೆಯ ನೌಕರಿಯನ್ನೇ ನೆಚ್ಚಿಕೊಂಡಿರಬೇಕಾಗಿದ್ದರೆ ಅವರಿಗೆ ಇಷ್ಟೆಲ್ಲ ಸಾಧ್ಯವಾಗುತ್ತಿತ್ತೇ ಎಂಬುದನ್ನು ಯಾವ ಶಿಕ್ಷಕನೂ ಊಹಿಸಬಲ್ಲನು. ಉತ್ತರಪತ್ರಿಕೆಗಳ ಕಟ್ಟು ಮುಂದಿರುವಾಗ ಲೋಕೋದ್ಧಾರವು ಹಿಂದೆ ಸರಿಯುತ್ತದೆ.

ಇನ್ನೊಬ್ಬ ಶಿಕ್ಷಕಿಯ ಕಥೆಯನ್ನು ನಿಮಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅವರು ಇದೇ ಮುಂಬಯಿಯವರು. ಹೆಸರು ಗ್ಲೋರಿಯಾ ಡಿಸೋಜಾ. ೧೯೭೦ರ ದಶಕದಲ್ಲಿ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳುತ್ತಿದ್ದ ಅವರಿಗೆ, ಮಕ್ಕಳು ಪುಸ್ತಕವನ್ನು ಗಿಳಿಯಂತೆ ಒಪ್ಪಿಸುವುದನ್ನು ಕೇಳಿ ಕೇಳಿ ಬೇಸರವಾಗಿತ್ತು. ಪುಸ್ತಕದಲ್ಲಿರುವ ಮರದ ಹೆಸರನ್ನು ಬಲ್ಲ ಮಗುವಿಗೆ ಶಾಲೆಯ ಗೇಟಿನ ಮುಂದಿರುವ ಮರದ ಗುರುತಿಲ್ಲ. ಸುತ್ತಣ ಪರಿಸರವೇ ಮಕ್ಕಳ ಮೊದಲ ಪುಸ್ತಕವಾಗಬೇಕೆಂಬುದು ಅವರ ನಿಲುವು. ಸಹೋದ್ಯೋಗಿಗಳಿಗೆ ಆರಂಭದಲ್ಲಿ ಅದು ರುಚಿಸಲಿಲ್ಲ. ಹೊಸ ಪದ್ಧತಿಯೆಂದರೆ ಹೆಚ್ಚಿನ ಕೆಲಸವೆಂದು ನಮ್ಮ ವೃತ್ತಿಯವರಿಗೆ ಬೇಗನೆ ತಿಳಿಯುತ್ತದೆ. ಹಾಗೂ ಹೀಗೂ ಹಲವು ವರ್ಷ ಅವರು ಒಬ್ಬರೇ ಪ್ರಯತ್ನಿಸಿದರು.

೧೯೮೦ರಲ್ಲಿ ಅಮೆರಿಕದ ಬಿಲ್ ಡ್ರೇಟನ್ ಎಂಬವರು ಒಂದು ಸಂಸ್ಥೆಯನ್ನು ಆರಂಭಿಸಿದರು. ಅದಕ್ಕೆ ಅವರು ಇಟ್ಟ ಹೆಸರು ‘ಅಶೋಕ’. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಹೆಸರು ಕೊರೆಸಿದ ಚಕ್ರವರ್ತಿಯೇ ಆ ಅಶೋಕ. ಸಮಾಜದ ಕಷ್ಟಗಳಿಗೆ ಹೊಸ ಪರಿಹಾರಗಳನ್ನು ಹುಡುಕುವ ವ್ಯಕ್ತಿಗಳನ್ನು ಆರಿಸಿ, ಕೆಲವು ವರ್ಷಗಳ ಕಾಲ ಅವರ ಜೀವನವೆಚ್ಚವನ್ನು ವಹಿಸಿಕೊಳ್ಳುವುದು ಅದರ ಕ್ರಮ. ಕಟ್ಟಡಕ್ಕೆ ಹಣವಿಲ್ಲ, ಯೋಜನೆಗೆ ಹಣವಿಲ್ಲ, ವ್ಯಕ್ತಿಗೆ ಮಾತ್ರ. ಆ ಸಂಸ್ಥೆಯ ಮೊತ್ತಮೊದಲನೆಯ ಫೆಲೋ ಯಾರು ಬಲ್ಲಿರಾ? ೧೯೮೦ರ ದಶಕದ ಆರಂಭದಲ್ಲಿ ಆಯ್ಕೆಯಾದ, ಮುಂಬಯಿಯ ಈ ಶಾಲಾ ಶಿಕ್ಷಕಿ. ಆ ವೇತನ ದೊರೆತ ಮೇಲೆ ಅವರು ನೌಕರಿಯನ್ನು ಬಿಟ್ಟು, ‘ಪರಿಸರ ಆಶಾ’ ಎಂಬ ಸಂಸ್ಥೆಯ ಕೆಲಸಕ್ಕೆ ತಮ್ಮ ಪೂರ್ಣ ಸಮಯವನ್ನು ಕೊಟ್ಟರು, ಪಾಠಗಳನ್ನು ರಚಿಸಿದರು, ಶಿಕ್ಷಕರಿಗೆ ತರಬೇತಿ ನೀಡಿದರು. ಆ ದಶಕದಲ್ಲೇ ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳವರೆಗೂ ಆ ಪದ್ಧತಿ ಮುಟ್ಟಿತು. ಮೂರನೆಯ ತರಗತಿಯಲ್ಲಿ ನೀವು ಓದಿದ ಪರಿಸರದ ಪಾಠಗಳು ‘ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ’ ಎಂದು ಕೇಳುತ್ತಿದ್ದುದು ನೆನಪಿದೆಯೆ? ಆ ಬಗೆಯ ಪಾಠವು ಒಬ್ಬರಿಂದಲೇ ಬಂತೆಂದು ನಾನು ಹೇಳಲಾರೆ. ಆದರೆ ಅದಕ್ಕಾಗಿ ದುಡಿದವರಲ್ಲಿ ಅವರ ಹೆಸರನ್ನು ಬಿಡಲಾಗದು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ಅಂಶವೊಂದಿದೆ. ಆ ಫೆಲೋಶಿಪ್ಪು ಆಕೆಗೆ ಬುದ್ಧಿಯನ್ನು ಕೊಡಲಿಲ್ಲ. ಅದು ಆಕೆಯಲ್ಲಿಯೇ ಇತ್ತು. ಧೈರ್ಯವನ್ನೂ ಕೊಡಲಿಲ್ಲ. ಅದು ಕೊಟ್ಟದ್ದು ಸಮಯವನ್ನು. ಬಡವನಿಗೆ ಮುಂಬಯಿಯಲ್ಲಿ ಅತ್ಯಂತ ದುರ್ಲಭವಾದ ವಸ್ತುವೆಂದರೆ ಖೋಲಿಯಲ್ಲ, ನೀರಲ್ಲ, ಸಮಯ. ವಿರಾರಿನಿಂದಲೋ ಕಲ್ಯಾಣದಿಂದಲೋ ಗಾಡಿಯಲ್ಲಿ ಜೋತುಬಿದ್ದು ಬರುವ ನಿಮ್ಮ ತಂದೆಯವರನ್ನು ಕೇಳಿ ನೋಡಿ.

ಇಲ್ಲಿ ಯಾರಾದರೂ ನನ್ನನ್ನು ತಡೆದು ಕೇಳಬಹುದು: ‘ನಿಜವಾದ ನಾಯಕನಿಗೆ ವೇತನವೇಕೆ? ವೇತನವಿಲ್ಲದೆ ಮೇಲೆ ಬಂದವರು ಇಲ್ಲವೆ?’ ಇದ್ದಾರೆ, ಅವರಲ್ಲೊಬ್ಬರು ನಮ್ಮ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಹುಟ್ಟಿದವರು. ಜಾಕಿನ್ ಅರ್ಪುತಂ ಅವರ ಮನೆಮಾತು ತಮಿಳು. ೧೯೬೦ರ ದಶಕದಲ್ಲಿ ಬಡಗಿಯ ಕೆಲಸ ಬಲ್ಲ ಹುಡುಗನಾಗಿ ಮುಂಬಯಿಗೆ ಬಂದು, ಮಾನಖುರ್ದದ ಬಳಿಯ ಜನತಾ ಕಾಲೊನಿಯಲ್ಲಿ ನೆಲೆ ನಿಂತರು. ಅಲ್ಲಿ ಕಸವನ್ನೆತ್ತಲು ಯಾರೂ ಬರುತ್ತಿರಲಿಲ್ಲ. ಅರ್ಪುತಂ ಅವರು ಮಕ್ಕಳನ್ನು ಕೂಡಿಸಿ, ಒಬ್ಬೊಬ್ಬರ ಕೈಯಲ್ಲಿ ಕಸದ ಪೊಟ್ಟಣವನ್ನು ಹಿಡಿಸಿ, ಪಾಲಿಕೆಯ ಕಚೇರಿಯ ಮುಂದೆ ಸುರಿಸಿದರು. (ಇದನ್ನು ನಾಳೆಯೇ ಅನುಕರಿಸಬೇಡಿರೆಂದು ಕೋರಿಕೆ; ಮುಖ್ಯಾಧ್ಯಾಪಕರು ಮೊದಲು ನನ್ನನ್ನೇ ಕರೆದಾರು.) ಪಕ್ಕದ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದ ಸಲುವಾಗಿ ಆ ವಸತಿಯನ್ನು ತೆರವುಗೊಳಿಸಬೇಕೆಂದಾಗ ವರ್ಷಗಟ್ಟಲೆ ಹೋರಾಡಿದರು. ೧೯೭೬ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಕಾಲೊನಿಯು ನೆಲಸಮವಾಗಿ ಸುಮಾರು ೭೦,೦೦೦ ಜನರು ಚೀತಾ ಕ್ಯಾಂಪಿಗೆ ಸಾಗಬೇಕಾಯಿತು. ಆದರೆ ಆ ಹೋರಾಟದಿಂದ ಹುಟ್ಟಿದ ರಾಷ್ಟ್ರೀಯ ಕೊಳಗೇರಿವಾಸಿಗಳ ಒಕ್ಕೂಟವು ಉಳಿಯಿತು, ಬೆಳೆಯಿತು. ೨೦೦೦ದಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು, ೨೦೧೧ರಲ್ಲಿ ಪದ್ಮಶ್ರೀ. ೨೦೧೮ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಇಂಥವರು ಲಕ್ಷಕ್ಕೊಬ್ಬರು. ಅವರನ್ನು ತೋರಿಸಿ ಉಳಿದವರಿಗೆ ‘ನೀವೂ ಉಪವಾಸವಿದ್ದು ಸೇವೆ ಮಾಡಿರಿ’ ಎನ್ನುವುದು ನ್ಯಾಯವಲ್ಲ. ಬೀದಿಯಲ್ಲಿ ಮಲಗಬಲ್ಲ, ಅವಲಂಬಿತರಿಲ್ಲದ ಯುವಕನಿಗೆ ಸಾಧ್ಯವಾದುದು ಎರಡು ಮಕ್ಕಳ ತಾಯಿಗೆ ಸಾಧ್ಯವಾಗದು. ಕಾಯಿಲೆಯ ತಂದೆಯಿರುವ ಹುಡುಗಿಗೂ ಆಗದು. ಅವರಲ್ಲಿ ಎಷ್ಟು ಜನ ಅರ್ಪುತಂರು ಇದ್ದರೋ, ಯಾರು ಲೆಕ್ಕವಿಟ್ಟಿದ್ದಾರೆ?

ನಾನು ಒಬ್ಬಳನ್ನು ಬಲ್ಲೆನು. ಹೆಸರು ಬೇಡ. ನಮ್ಮ ಉಪನಗರದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರ ವಸತಿಯೊಂದಿದೆ. ಬೆಳಗಾಗುತ್ತಲೇ ಗಂಡಸರೂ ಹೆಂಗಸರೂ ನಾಕಾದಲ್ಲಿ ನಿಂತು ಮುಕಾದಮನ ದಾರಿ ಕಾಯುತ್ತಾರೆ. ಮಕ್ಕಳು ಗುಡಿಸಲ ಮುಂದೆ ಉಳಿಯುತ್ತವೆ. ಈ ಹುಡುಗಿ ಅಲ್ಲಿಯವಳೇ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸಿ ಮುಗಿಸಿದವಳು. ಮಕ್ಕಳನ್ನು ಶಾಲೆಗೆ ಸೇರಿಸಹೋದರೆ ಊರ ಶಾಲೆಯ ವರ್ಗಾವಣೆ ಪತ್ರವಿಲ್ಲ, ಜನ್ಮದಾಖಲೆಯಿಲ್ಲ ಎಂಬ ಅಡ್ಡಿಗಳು ಬರುತ್ತಿದ್ದವು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ಆ ಕಾಗದಗಳಿಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಅದನ್ನು ಅವಳು ಎಲ್ಲಿಯೋ ಓದಿ ತಿಳಿದುಕೊಂಡಿದ್ದಳು. ಆ ಪುಟವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಹೀಗೆ ಹನ್ನೊಂದು ಮಕ್ಕಳನ್ನು ಶಾಲೆಗೆ ಸೇರಿಸಿದಳು. ಸೇರಿಸಿದ್ದಷ್ಟೇ ಅಲ್ಲ, ಹೆದ್ದಾರಿಯನ್ನು ದಾಟಿಸಿ ಪ್ರತಿದಿನ ತಾನೇ ಕರೆತರುತ್ತಿದ್ದಳು. ಯಾವ ತಾಯಿ ಮುಂದಿನ ವಾರ ಊರಿಗೆ ಹೊರಡುವಳು, ಯಾವ ತಂದೆ ಮಗನನ್ನು ಇಟ್ಟಿಗೆ ಹೊರಲು ಕರೆದೊಯ್ಯುವನು ಎಂಬುದೆಲ್ಲ ಅವಳಿಗೆ ಮೊದಲೇ ತಿಳಿಯುತ್ತಿತ್ತು. ನಮ್ಮ ಹಾಜರಿ ಪುಸ್ತಕಕ್ಕೆ ಅದು ತಿಳಿಯುವುದು ಮೂರು ತಿಂಗಳ ಅನಂತರ.

ಒಂದೂವರೆ ವರ್ಷ ಇದು ನಡೆಯಿತು. ಆಮೇಲೆ ಅವಳು ಕೃತಕ ಆಭರಣಗಳಿಗೆ ಪೊಟ್ಟಣ ಕಟ್ಟುವ ಕಾರಖಾನೆಗೆ ಸೇರಿದಳು. ಕಂಡಾಗ ವಿಚಾರಿಸಿದೆ. “ಸರ್, ಮಕ್ಕಳಿಗೆ ಹತ್ತಕ್ಕೆ ಶಾಲೆ, ನನಗೆ ಒಂಬತ್ತಕ್ಕೆ ಕೆಲಸ” ಎಂದಳು. ಖೋಲಿಯ ಬಾಡಿಗೆ ಏರಿತ್ತಂತೆ. ಆ ಹನ್ನೊಂದು ಮಕ್ಕಳಲ್ಲಿ ಈಗ ಶಾಲೆಗೆ ಬರುವವರು ನಾಲ್ವರು. ಉಳಿದ ಏಳು ಮಕ್ಕಳನ್ನು ಕರೆತರಲು ಒಂದು ಸಭೆಯನ್ನು ನಡೆಸಿ ಠರಾವು ಮಾಡಬಹುದು. ಕರಪತ್ರ ಅಚ್ಚು ಹಾಕಿಸಬಹುದು. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಆ ಗುಡಿಸಲುಗಳ ಮುಂದೆ ನಿಂತು ಹೆಸರು ಹಿಡಿದು ಕೂಗುವವರು ಬೇಕು.

ಇಂಥ ಕೆಲಸಕ್ಕೆ ವೇತನ ಕೊಡುವ ಸಂಸ್ಥೆಗಳು ಈ ಪಟ್ಟಣದಲ್ಲಿ ಇಲ್ಲದಿಲ್ಲ. ೧೯೮೯ರಲ್ಲಿ ಅಕ್ಷರ ಕಲಿಸುವ ಉದ್ದೇಶದಿಂದ ಮುಂಬಯಿಯಲ್ಲಿ ಆರಂಭವಾದ ‘ಕೋರೋ’ ಎಂಬ ಸಂಸ್ಥೆಯು ೨೦೦೮ರಿಂದ ತಳಮಟ್ಟದ ಕಾರ್ಯಕರ್ತರಿಗೆ ಫೆಲೋಶಿಪ್ ಕೊಡುತ್ತ ಬಂದಿದೆ. ದೊಡ್ಡ ಪದವಿಯಿಲ್ಲದ ಹೆಂಗಸರೂ ದಲಿತ ಸಮುದಾಯದ ತರುಣರೂ ಅದನ್ನು ಪಡೆದಿದ್ದಾರೆ. ಸಾರ್ವಜನಿಕ ಮೂತ್ರಾಲಯದಲ್ಲಿ ಗಂಡಸರಿಗೆ ಉಚಿತ, ಹೆಂಗಸರಿಂದ ಮಾತ್ರ ದುಡ್ಡು ವಸೂಲಿ ಎಂಬ ಅನ್ಯಾಯವನ್ನು ಎತ್ತಿಕೊಂಡು ೨೦೧೧ರಲ್ಲಿ ಮುಂಬಯಿಯಲ್ಲಿ ಒಂದು ಚಳವಳಿ ನಡೆದದ್ದು ಈ ಬಳಗದಿಂದಲೇ. ಅದರ ಮುಂದಾಳುಗಳಲ್ಲೊಬ್ಬರಾದ ಮುಮ್ತಾಜ್ ಶೇಖ್ ಅವರು ಇಲ್ಲಿಯ ವಸತಿಯಲ್ಲೇ ಬಾಳಿದವರು. ಸಭ್ಯರು ಬಾಯಿಬಿಟ್ಟು ಹೇಳದ ಮಾತು ಅದು. ಆದರೆ ಮನೆಯಿಂದ ಹೊರಟರೆ ಸಂಜೆಯವರೆಗೆ ನೀರು ಕುಡಿಯದೆ ಇರುವ ನಮ್ಮ ತಾಯಂದಿರನ್ನೂ ಅಕ್ಕತಂಗಿಯರನ್ನೂ ನೆನೆದರೆ, ಅದನ್ನು ಹೇಳಲು ಯಾರಾದರೊಬ್ಬರು ಬೇಕಾಗಿತ್ತೆಂದು ತಿಳಿಯುತ್ತದೆ. ‘ಪುಕಾರ್’ ಎಂಬ ಇನ್ನೊಂದು ಸಂಸ್ಥೆಯು ೨೦೦೫ರಿಂದ ತರುಣರ ಗುಂಪುಗಳಿಗೆ ಯುವ ಫೆಲೋಶಿಪ್ ಕೊಟ್ಟು, ಅವರು ತಮ್ಮ ಮೊಹಲ್ಲಾವನ್ನೇ ತಾವು ಸಂಶೋಧಿಸುವಂತೆ ಮಾಡಿತು. ಸಂಶೋಧನೆಯೆಂಬುದು ವಿಶ್ವವಿದ್ಯಾಲಯದ ಸ್ವತ್ತೆಂದು ನೀವು ಭಾವಿಸಿದ್ದರೆ ಆ ಭಾವನೆಯನ್ನು ಬಿಟ್ಟುಬಿಡಿರಿ.

ಈ ಪದ್ಧತಿಯಲ್ಲಿ ದೋಷಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಮೊದಲನೆಯದು ಭಾಷೆಯ ದೋಷ. ಇಂಗ್ಲಿಷಿನಲ್ಲಿ ಅರ್ಜಿ, ಇಂಗ್ಲಿಷಿನಲ್ಲಿ ಸಂದರ್ಶನ ಎಂದಾದರೆ ಕೆಲಸ ಮಾಡಬಲ್ಲವನು ಹಿಂದುಳಿದು, ಕೆಲಸದ ಬಗ್ಗೆ ಮಾತನಾಡಬಲ್ಲವನು ಮುಂದೆ ಬರುತ್ತಾನೆ. ನಮ್ಮ ಆ ಹುಡುಗಿಗೆ ‘ನಿನ್ನ ದೂರದೃಷ್ಟಿಯೇನು’ ಎಂದು ಯಾರಾದರೂ ಕೇಳಿದ್ದರೆ, ಹೆದ್ದಾರಿಯ ಆಚೆ ದಡ ಎಂದು ಅವಳು ಉತ್ತರ ಹೇಳುತ್ತಿದ್ದಳೋ ಏನೋ. ಎರಡನೆಯದು, ಹಣ ಕೊಟ್ಟವರ ಇಷ್ಟದಂತೆ ಕೇರಿಯ ಕಷ್ಟವೇ ಬದಲಾಗುವ ಅಪಾಯ. ಕೇರಿಗೆ ಬೇಕಾದುದು ನೀರು, ದಾನಿಗೆ ಪ್ರಿಯವಾದುದು ಗಿಡ ನೆಡುವುದು ಎಂದಾದರೆ ಒಣಗಿದ ಗಿಡಗಳೇ ಉಳಿಯುತ್ತವೆ. ವೇತನದ ಅವಧಿ ಮುಗಿದ ಮೇಲೆ ಕೆಲಸವೂ ಮುಗಿದುಹೋಗುವುದುಂಟು. ಇನ್ನು ಈ ‘ನಾಯಕ’ ಎಂಬ ಮಾತನ್ನೂ ನಾನು ಅಷ್ಟಾಗಿ ಮೆಚ್ಚುವವನಲ್ಲ. ಮುಂಬಯಿಯಲ್ಲಿ ನಾಯಕರ ಕೊರತೆಯಿಲ್ಲ. ಗಣೇಶೋತ್ಸವದ ಕಾಲದಲ್ಲಿ ನಮ್ಮ ಗಲ್ಲಿಯ ಫಲಕಗಳಲ್ಲಿ ಗಣಪತಿಗಿಂತ ದೊಡ್ಡದಾಗಿ ಅವರ ಮುಖಗಳನ್ನು ಕಾಣಬಹುದು.

ಇಷ್ಟೆಲ್ಲ ದೋಷಗಳಿದ್ದರೂ, ಅವು ವೇತನವನ್ನು ಬಿಡುವುದಕ್ಕೆ ಕಾರಣಗಳಲ್ಲ. ಅದನ್ನು ಕೊಡುವ ಕೈಯನ್ನು ಹತ್ತಿರಕ್ಕೆ ತರುವುದಕ್ಕೆ ಕಾರಣಗಳು. ಕೊಡುವವನು ದೂರದವನಾದಷ್ಟೂ ಅರ್ಜಿಯು ಉದ್ದವಾಗುತ್ತದೆ. ಕನ್ನಡ ವಸತಿಯ ಕಷ್ಟಕ್ಕೆ ಕನ್ನಡದಲ್ಲೇ ಅರ್ಜಿ ಪಡೆಯಬಲ್ಲ, ಆ ವಸತಿಗೆ ನಡೆದುಹೋಗಿ ನೋಡಬಲ್ಲ ಸಂಘಗಳು ಈ ನಗರದಲ್ಲಿ ಎಷ್ಟೊಂದಿವೆ! ಮಾಟುಂಗದ ಮೈಸೂರು ಅಸೋಸಿಯೇಶನ್ ೧೯೨೬ರಲ್ಲಿ ಹುಟ್ಟಿತು. ಕರ್ನಾಟಕ ಸಂಘ ೧೯೩೩ರಲ್ಲಿ. ಅವಕ್ಕೂ ಮೊದಲು, ೧೯೦೨ರಲ್ಲಿ, ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತ್ತು. ಹಗಲೆಲ್ಲ ಹೊಟೇಲಿನಲ್ಲಿ ಕಪ್ಪುಬಸಿ ತೊಳೆದ ತುಳುನಾಡಿನ ಹುಡುಗರು ರಾತ್ರಿ ಅಕ್ಷರ ಕಲಿತು ವಕೀಲರಾದದ್ದು, ಬ್ಯಾಂಕಿನ ಅಧಿಕಾರಿಗಳಾದದ್ದು ಇಂಥ ಸಂಘಗಳು ನಡೆಸಿದ ರಾತ್ರಿಶಾಲೆಗಳಿಂದ. ತಮ್ಮ ಜನರ ಕಷ್ಟವೇನೆಂದು ಆ ಹಿರಿಯರಿಗೆ ಯಾರೂ ಹೊರಗಿನಿಂದ ಬಂದು ತಿಳಿಸಬೇಕಾಗಿರಲಿಲ್ಲ. ಇಂದು ಹೊಟೇಲಿನ ಹುಡುಗನ ಸ್ಥಾನದಲ್ಲಿ ಕಟ್ಟಡದ ಕೂಲಿಯ ಮಗು ನಿಂತಿದೆ. ಊರು ಬೇರೆ, ಜಾತಿ ಬೇರೆ, ಮಾತಿನ ರಾಗ ಬೇರೆ. ಸಂಘದ ಸಭಾಗೃಹಕ್ಕೆ ಅವನ ತಂದೆ ಬಂದಿದ್ದರೆ ಬಣ್ಣ ಬಳಿಯಲು ಬಂದಿರಬೇಕು. ಇದನ್ನು ಕಠಿಣವಾಗಿ ಹೇಳಿದೆನೆಂದು ಹಿರಿಯರು ಬೇಸರಿಸಬಾರದು.

ನನ್ನ ಸೂಚನೆಯಿಷ್ಟು. ಪ್ರತಿಯೊಂದು ಸಂಘವೂ ತನ್ನ ವಿದ್ಯಾರ್ಥಿವೇತನಗಳ ಜೊತೆಗೆ ಒಂದೇ ಒಂದು ಸೇವಾವೇತನವನ್ನು ಇರಿಸಲಿ. ತಿಂಗಳಿಗೆ ೧೦,೦೦೦ ರೂಪಾಯಿಯಂತೆ ವರ್ಷಕ್ಕೆ ೧,೨೦,೦೦೦ ರೂಪಾಯಿ. ಹಾರ, ಶಾಲು, ಫಲತಾಂಬೂಲ, ಊಟಗಳ ವೆಚ್ಚವನ್ನು ಒಂದಿಷ್ಟು ತಗ್ಗಿಸಿದರೆ ಇದು ಅಸಾಧ್ಯವಾದ ಮೊತ್ತವೇನಲ್ಲ. ಅಂಕಪಟ್ಟಿಯನ್ನು ಕೇಳಬಾರದು, ಜಾತಿಯನ್ನು ಕೇಳಬಾರದು. ‘ಯಾವ ಕಷ್ಟವನ್ನು ಎತ್ತಿಕೊಂಡಿದ್ದೀಯೆ, ಈವರೆಗೆ ಏನು ಮಾಡಿದ್ದೀಯೆ’ ಎಂದು ಕನ್ನಡದಲ್ಲಿ ಕೇಳಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಲಿ. ಸಂಘದ ಇಬ್ಬರು ಸದಸ್ಯರು ಆ ಕೇರಿಗೆ ಹೋಗಿ, ಅಕ್ಕಪಕ್ಕದ ಹತ್ತು ಮನೆಗಳಲ್ಲಿ ವಿಚಾರಿಸಿ ಬರಲಿ. ಎರಡು ವರ್ಷಕ್ಕಿಂತ ಕಡಿಮೆಯಾಗಬಾರದು. ಮೊದಲ ವರ್ಷ ಗುರುತಾಗುವುದಕ್ಕೇ ಬೇಕು. ಮೂರನೆಯ ವರ್ಷ ಆ ಕೆಲಸವನ್ನು ಯಾರು ಮುಂದುವರಿಸುವರೆಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ಹಿರಿಯರು ಇದನ್ನು ಒಪ್ಪುವರೋ ಇಲ್ಲವೋ, ನೀವು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಚಾಳಿನಲ್ಲಿ, ವಸತಿಯಲ್ಲಿ ಇಂಥವರು ಇದ್ದೇ ಇರುತ್ತಾರೆ: ನಲ್ಲಿಯ ಸಾಲಿನಲ್ಲಿ ಜಗಳವಾಗದಂತೆ ಹೊತ್ತು ಹಂಚುವ ಅಜ್ಜಿ, ರೇಶನ್ ಕಾರ್ಡಿನ ಅರ್ಜಿಗಳನ್ನು ತುಂಬಿಕೊಡುವ ಅಣ್ಣ, ಹೆರಿಗೆಯ ಹೆಂಗಸನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವ ಚಿಕ್ಕಮ್ಮ. ಬೇಸಗೆಯ ರಜೆಯಲ್ಲಿ ಅವರನ್ನು ಕಂಡು ಮಾತನಾಡಿಸಿರಿ. ಅವರ ಹೆಸರು, ಮಾಡುವ ಕೆಲಸ, ಎಷ್ಟು ವರ್ಷಗಳಿಂದ ಮಾಡುತ್ತಿದ್ದಾರೆ, ಅದಕ್ಕಾಗಿ ಏನನ್ನು ಕಳೆದುಕೊಂಡಿದ್ದಾರೆ, ಈ ನಾಲ್ಕನ್ನು ಅವರ ಒಪ್ಪಿಗೆ ಪಡೆದು ಒಂದು ಹಾಳೆಯಲ್ಲಿ ಬರೆದು, ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನನಗೆ ತಂದುಕೊಡಿರಿ. ಆ ಹಾಳೆಗಳನ್ನೆಲ್ಲ ಹೊಲಿದು ಸಂಘಗಳ ಕಾರ್ಯದರ್ಶಿಗಳ ಮುಂದೆ ಇಡುವ ಹೊಣೆ ನನ್ನದು. ಯಾರದಾದರೂ ಹೆಸರಿನ ಮುಂದೆ ‘ಅಧ್ಯಕ್ಷರು’ ಎಂದಿದ್ದರೆ ಅದನ್ನು ಬರೆಯುವ ಅಗತ್ಯವಿಲ್ಲ.